ಬದುವಿನ ಮೇಲೆ ನಿಂತು ಮಣ್ಣಿನ ತೇವ ತಿಳಿಯುವುದು ಹೇಗೆ?

ಕಾಣದ ಬೆಳಕಿನಿಂದ ಸುದ್ದಿ ಕಳಿಸುವ, ಸೆಲ್ಲು ಉಳಿಸುವ ಪೆಟ್ಟಿಗೆ: ಒಂದು ಪಾಠ



ಕಬ್ಬಿಗೆ ನೀರು ಯಾವಾಗ ಬಿಡುತ್ತೀರಿ ಎಂದು ಕೇಳಿದರೆ ನಮ್ಮಲ್ಲಿ ಮೂರು ಉತ್ತರಗಳು ಬರುತ್ತವೆ. ಪಾಳಿ ಬಂದಾಗ, ಕರೆಂಟು ಬಂದಾಗ, ಪಕ್ಕದ ಹೊಲದವರು ಬಿಟ್ಟಾಗ. ಮಣ್ಣನ್ನು ಕೇಳಿ ನೀರು ಬಿಡುವವರು ಕಡಿಮೆ. ಇದರಲ್ಲಿ ರೈತನ ತಪ್ಪೇನೂ ಇಲ್ಲ. ಆಳೆತ್ತರ ಮೀರಿ ಬೆಳೆದ ಕಬ್ಬಿನೊಳಗೆ ನುಗ್ಗಿ, ಮೈಗೆ ರವದಿ ಕೊಯ್ಯಿಸಿಕೊಂಡು, ಹಾವು ಹುಳದ ಭಯದಲ್ಲಿ ಮಣ್ಣು ಅಗೆದು ನೋಡುವುದು ದಿನನಿತ್ಯ ಆಗುವ ಕೆಲಸವಲ್ಲ.

ಆದರೆ ಅಂದಾಜಿನ ನೀರಿಗೆ ಬೆಲೆ ತೆರಲೇಬೇಕು. ಕಡಿಮೆಯಾದರೆ ಗಣಿಕೆ ಗಿಡ್ಡಾಗುತ್ತದೆ. ಹೆಚ್ಚಾದರೆ ಗೊಬ್ಬರ ಬೇರಿನ ಕೆಳಗೆ ಇಳಿದು ಹೋಗುತ್ತದೆ. ಆಳವಾದ ಎರೆ ಭೂಮಿಯಲ್ಲಿ ವರ್ಷ ವರ್ಷವೂ ಹೀಗೇ ನಡೆದರೆ ಹೊಲ ಸವಳು ಜವಳಿಗೆ ಬೀಳುತ್ತದೆ. ಒಮ್ಮೆ ಸವಳಾದ ಭೂಮಿಯನ್ನು ಮೊದಲಿನಂತೆ ಮಾಡಲು ಎಷ್ಟು ವರ್ಷ, ಎಷ್ಟು ಹಣ ಬೇಕು ಎಂಬುದು ನದಿ ದಂಡೆಯ ರೈತರಿಗೆ ಗೊತ್ತೇ ಇದೆ.

ಮಣ್ಣಿನ ತೇವ ಅಳೆಯುವ ಸಾಧನಗಳು ಈಗ ಅಂಗಡಿಯಲ್ಲಿ ಸಿಗುತ್ತವೆ. ಅಳೆಯುವುದು ದೊಡ್ಡ ಮಾತಲ್ಲ. ಅಳೆದ ಅಂಕಿಯನ್ನು ಹೊರಗೆ ತರುವುದು ಹೇಗೆ ಎಂಬುದೇ ತೊಡಕು. ಮನೆಯ ತನಕ ತಂತಿ ಎಳೆದರೆ ಇಲಿ ಕಡಿಯುತ್ತದೆ, ಕುಂಟೆಗೆ ಸಿಕ್ಕು ಹರಿಯುತ್ತದೆ. ಮೊಬೈಲ್ ಸಿಮ್ ಹಾಕಿದರೆ ರೀಚಾರ್ಜಿನ ಖರ್ಚು, ದೊಡ್ಡ ಬ್ಯಾಟರಿ. ಪ್ರತಿ ಸಲ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದರೆ ಒಳಗೆ ಆರ್ದ್ರತೆ, ಇರುವೆ, ತುಕ್ಕು. ನಾಲ್ಕನೆಯ ದಾರಿಯೊಂದಿದೆ. ಪೆಟ್ಟಿಗೆಯನ್ನು ಭದ್ರವಾಗಿ ಮುಚ್ಚಿಬಿಡುವುದು. ಪಾರದರ್ಶಕ ಮುಚ್ಚಳದ ಒಳಗಿನಿಂದ ಕಾಣದ ಬೆಳಕಿನಲ್ಲಿ ಅದು ಅಂಕಿಯನ್ನು ಹೇಳುತ್ತಿರುವುದು. ನೀವು ಬದುವಿನ ಮೇಲೆ ನಿಂತು ಕೈಯಲ್ಲಿನ ಚಿಕ್ಕ ಯಂತ್ರದಿಂದ ಅದನ್ನು ಕೇಳುವುದು. ಈ ಪಾಠದ ವಿಷಯ ಅದೇ.

ನಿಮ್ಮ ಮನೆಯಲ್ಲಿ ಐಟಿಐ ಅಥವಾ ಡಿಪ್ಲೊಮಾ ಓದುವ ಮಗನೋ ಮಗಳೋ ಇದ್ದರೆ ಇದನ್ನು ಅವರ ಜೊತೆ ಕುಳಿತು ಓದಿರಿ. ಬೆಸುಗೆಯ ಕೆಲಸ ಅವರು ಮಾಡಲಿ. ಹೊಲದ ಕೆಲಸ ನೀವು ಮಾಡಿರಿ. ಇಬ್ಬರೂ ಕೂಡಿದರೆ ಮಾತ್ರ ಇದು ಪೂರ್ತಿಯಾಗುತ್ತದೆ.

1. ಕಾಣದ ಬೆಳಕು

ಕಾಮನಬಿಲ್ಲಿನಲ್ಲಿ ಕೆಂಪು ಒಂದು ತುದಿ. ಆ ಕೆಂಪಿನಾಚೆಗೂ ಬೆಳಕು ಇದೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳ ವಿಜ್ಞಾನಿ ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಒಡೆದು, ಕೆಂಪಿನ ಆಚೆ ಏನೂ ಕಾಣದ ಜಾಗದಲ್ಲಿ ಉಷ್ಣಮಾಪಕ ಇಟ್ಟರು. ಅಲ್ಲಿಯೂ ಅದು ಏರಿತು. ಇದಕ್ಕೆ ಅವಕೆಂಪು ಕಿರಣ ಎನ್ನುತ್ತೇವೆ. ಅಂಗಡಿಯಲ್ಲಿ ಇನ್ಫ್ರಾರೆಡ್, ಇಲ್ಲವೆ ಐಆರ್ ಎಂದು ಕೇಳಬೇಕು.

ನೀವು ದಿನವೂ ಇದನ್ನು ಬಳಸುತ್ತಲೇ ಇದ್ದೀರಿ. ಟೀವಿಯ ರಿಮೋಟು ಇದರಿಂದಲೇ ನಡೆಯುತ್ತದೆ. ಎಷ್ಟೋ ಇಲೆಕ್ಟ್ರಾನಿಕ್ ವಿದ್ಯುತ್ ಮೀಟರುಗಳ ಮುಖದ ಮೇಲೆ ಒಂದು ಬೆಳಕಿನ ಕಿಂಡಿ ಇರುತ್ತದೆ. ಮೀಟರನ್ನು ಬಿಚ್ಚದೆ, ತಂತಿ ಮುಟ್ಟದೆ, ಆ ಕಿಂಡಿಯ ಮೂಲಕ ಅವಕೆಂಪು ಬೆಳಕಿನಿಂದಲೇ ರೀಡಿಂಗ್ ತೆಗೆಯಬಹುದು. ಮುಚ್ಚಿದ ಪೆಟ್ಟಿಗೆಯಿಂದ ಅಂಕಿ ಹೊರತರುವ ಈ ಯುಕ್ತಿಯನ್ನೇ ನಾವು ಹೊಲಕ್ಕೆ ತರುತ್ತಿದ್ದೇವೆ.

ರಿಮೋಟಿನ ಒಳಗಿನ ಅವಕೆಂಪು ಎಲ್ಇಡಿ ಸಾಮಾನ್ಯವಾಗಿ 940 ನ್ಯಾನೋಮೀಟರ್ ಅಲೆಯುದ್ದದ ಬೆಳಕು ಕೊಡುತ್ತದೆ. ಇದರಲ್ಲಿ ಒಂದು ಲಾಭವಿದೆ. ಗಾಳಿಯಲ್ಲಿನ ನೀರಾವಿ ಸುಮಾರು ಇದೇ ಅಲೆಯುದ್ದದ ಬಿಸಿಲನ್ನು ಸ್ವಲ್ಪ ಹೀರಿಕೊಳ್ಳುವುದರಿಂದ ಸೂರ್ಯನ ಗದ್ದಲ ಅಲ್ಲಿ ತುಸು ಕಡಿಮೆ.

2. ಬಿಸಿಲಿನ ಗದ್ದಲದಲ್ಲಿ ನಮ್ಮ ದನಿ

1955ರಲ್ಲಿ ಅಮೆರಿಕದ ಜೆನಿತ್ ಕಂಪನಿ ಫ್ಲ್ಯಾಶ್‌ಮ್ಯಾಟಿಕ್ ಎಂಬ ತಂತಿಯಿಲ್ಲದ ರಿಮೋಟನ್ನು ಮಾರಾಟಕ್ಕೆ ತಂದಿತು. ಅದು ಬ್ಯಾಟರಿ ಬತ್ತಿಯಂತೆ ಸಾದಾ ಬೆಳಕನ್ನು ಟೀವಿಯ ಮೂಲೆಗಳಿಗೆ ಬೀರುತ್ತಿತ್ತು. ಕಿಟಕಿಯಿಂದ ಬಂದ ಬಿಸಿಲು ಆ ಮೂಲೆಗೆ ಬಿದ್ದರೂ ಟೀವಿ ತಾನೇ ಚಾನೆಲ್ ಬದಲಿಸುತ್ತಿತ್ತು! ಬೆಳಕು ಬಂತೇ ಇಲ್ಲವೇ ಎಂದಷ್ಟೇ ನೋಡಿದರೆ, ಬಂದದ್ದು ನಮ್ಮ ಬೆಳಕೋ ಸೂರ್ಯನದೋ ಗೊತ್ತಾಗುವುದಿಲ್ಲ.

ಅದಕ್ಕೆ ಉಪಾಯ ಹೀಗೆ. ಜಾತ್ರೆಯ ಗದ್ದಲದಲ್ಲಿಯೂ ನಮ್ಮೂರಿನ ಹಲಗೆಯ ಪೆಟ್ಟು ನಮಗೆ ಗುರುತು ಸಿಗುತ್ತದೆ, ಏಕೆಂದರೆ ಅದಕ್ಕೊಂದು ತಾಳವಿದೆ. ಹಾಗೆಯೇ ಎಲ್ಇಡಿಯನ್ನು ಸುಮ್ಮನೆ ಹೊತ್ತಿಸದೆ ಸೆಕೆಂಡಿಗೆ 38,000 ಸಲ ಹೊತ್ತಿಸಿ ಆರಿಸಬೇಕು. ಗ್ರಾಹಕದ ಬಿಡಿಭಾಗವು ಆ ತಾಳವನ್ನು ಮಾತ್ರ ಕೇಳುತ್ತದೆ. ಬಿಸಿಲಿಗೆ ತಾಳವಿಲ್ಲ, ಆದ್ದರಿಂದ ಅದನ್ನು ತಳ್ಳಿಹಾಕುತ್ತದೆ. 38 ಕಿಲೋಹರ್ಟ್ಸ್ ಎಂದರೆ ಇದೇ. ಒಂದು ಪೆಟ್ಟಿನಿಂದ ಇನ್ನೊಂದು ಪೆಟ್ಟಿಗೆ ಸುಮಾರು 26 ಮೈಕ್ರೋ ಸೆಕೆಂಡು. ಅದರಲ್ಲಿ ಮೂರನೆಯ ಒಂದು ಪಾಲು ಹೊತ್ತಿ, ಮೂರನೆಯ ಎರಡು ಪಾಲು ಆರಿದ್ದರೆ ಸಾಕು. ಸೆಲ್ಲಿನ ಉಳಿತಾಯ ಇಲ್ಲಿಂದಲೇ ಶುರು.

3. ಸುದ್ದಿಯ ಲಿಪಿ

ತಾಳ ಆಯಿತು, ಇನ್ನು ಮಾತು. ಟೀವಿ ರಿಮೋಟುಗಳಲ್ಲಿ ಬಹಳ ಬಳಕೆಯಲ್ಲಿರುವ ಎನ್ಇಸಿ ಪದ್ಧತಿಯ ಕಾಲಮಾನಗಳನ್ನೇ ನಾವು ಇಟ್ಟುಕೊಳ್ಳೋಣ.

ಮೊದಲು ಕೂಗು: 9 ಮಿಲಿ ಸೆಕೆಂಡು ತಾಳ, 4.5 ಮಿಲಿ ಸೆಕೆಂಡು ಮೌನ. ಇದು ‘ಕೇಳಿರಿ’ ಎಂದ ಹಾಗೆ. ನಂತರ ಒಂದೊಂದು ಬಿಟ್ಟಿಗೂ 0.56 ಮಿಲಿ ಸೆಕೆಂಡು ತಾಳ. ಅದರ ಹಿಂದಿನ ಮೌನ 0.56 ಮಿಲಿ ಸೆಕೆಂಡು ಇದ್ದರೆ ಸೊನ್ನೆ, 1.69 ಮಿಲಿ ಸೆಕೆಂಡು ಇದ್ದರೆ ಒಂದು. ಹೀಗೆ 32 ಬಿಟ್ಟುಗಳು. ಕೊನೆಗೆ ಮುಕ್ತಾಯದ ಒಂದು ಚಿಕ್ಕ ತಾಳ. ಇಡೀ ಸುದ್ದಿಗೆ ಸರಾಸರಿ 68 ಮಿಲಿ ಸೆಕೆಂಡು. ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ.

32 ಬಿಟ್ಟುಗಳನ್ನು ಎಂಟೆಂಟರ ನಾಲ್ಕು ಕಟ್ಟುಗಳಾಗಿ ಮಾಡಿರಿ. ಒಂದು ಕಟ್ಟಿನಲ್ಲಿ 0ಯಿಂದ 255ರ ತನಕ ಯಾವ ಅಂಕಿಯನ್ನಾದರೂ ಬರೆಯಬಹುದು.

ಮೊದಲನೆಯ ಕಟ್ಟು: ಪೆಟ್ಟಿಗೆಯ ನಂಬರು.
ಎರಡನೆಯ ಕಟ್ಟು: ತೇವದ ಅಂಕಿ.
ಮೂರನೆಯ ಕಟ್ಟು: ಸೆಲ್ಲಿನ ವೋಲ್ಟು, ಹತ್ತರಿಂದ ಗುಣಿಸಿದ್ದು.
ನಾಲ್ಕನೆಯ ಕಟ್ಟು: ತಾಳೆಯ ಅಂಕಿ, ಅಂದರೆ ಮೊದಲ ಮೂರರ ಮೊತ್ತ. ಮೊತ್ತ 255 ದಾಟಿದರೆ 256 ಕಳೆಯಬೇಕು.

ಉದಾಹರಣೆ ನೋಡಿರಿ. ಪೆಟ್ಟಿಗೆ 12, ತೇವದ ಅಂಕಿ 186, ಸೆಲ್ಲು 4.3 ವೋಲ್ಟು, ಅಂದರೆ 43. ಮೊತ್ತ 241. ಗಾಳಿಗೆ ಒಂದು ಎಲೆ ಅಡ್ಡ ಬಂದು 186 ಎಂಬುದು 178 ಆಗಿ ತಲುಪಿತು ಎನ್ನಿರಿ. ಆಗ 12, 178, 43 ಕೂಡಿಸಿದರೆ 233. ಬಂದ ತಾಳೆಯ ಅಂಕಿ 241. ತಾಳೆಯಾಗಲಿಲ್ಲ. ಕೈಯಂತ್ರ ಆ ಸುದ್ದಿಯನ್ನು ತೋರಿಸದೆ ಎಸೆದು, ಮುಂದಿನದಕ್ಕೆ ಕಾಯುತ್ತದೆ. ಕಬ್ಬಿನ ತೂಕದ ಚೀಟಿಯಲ್ಲಿ ಗಾಡಿ ತೂಕ, ಖಾಲಿ ತೂಕ, ನಿವ್ವಳ ತೂಕ ಮೂರೂ ಬರೆದಿರುವುದು ಇದೇ ಕಾರಣಕ್ಕೆ. ಒಂದು ತಪ್ಪಿದರೆ ಉಳಿದೆರಡು ಹಿಡಿದುಕೊಡುತ್ತವೆ. ತಪ್ಪು ಅಂಕಿ ನೋಡಿ ನೀರು ಬಿಡುವುದಕ್ಕಿಂತ ಎಂಟು ಸೆಕೆಂಡು ಕಾಯುವುದು ಲೇಸು.

4. ಹೊಲದ ಪೆಟ್ಟಿಗೆಗೆ ಬೇಕಾಗುವ ಸಾಮಾನು

ಎಟಿಟೈನಿ 85 ಮೈಕ್ರೋಕಂಟ್ರೋಲರ್ ಒಂದು. ಎಂಟು ಕಾಲಿನ ಚಿಕ್ಕ ಐಸಿ ಇದು; ಅಳೆಯುವುದು, ಎಣಿಸುವುದು, ಹೇಳುವುದು ಮೂರನ್ನೂ ತಾನೇ ಮಾಡುತ್ತದೆ.
940 ನ್ಯಾನೋಮೀಟರಿನ 5 ಮಿಲಿಮೀಟರ್ ಅವಕೆಂಪು ಎಲ್ಇಡಿ ಒಂದು. ಟಿಎಸ್ಎಎಲ್ 6200 ಒಳ್ಳೆಯದು.
ಬಿಸಿ 337 ಟ್ರಾನ್ಸಿಸ್ಟರ್ ಒಂದು.
56 ಓಮ್ ಮತ್ತು 1 ಕಿಲೋ ಓಮ್ ರೆಸಿಸ್ಟರ್ ಒಂದೊಂದು.
100 ಮೈಕ್ರೋಫ್ಯಾರಡ್ ಮತ್ತು 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದೊಂದು.
ಕೆಪಾಸಿಟಿವ್ ಜಾತಿಯ ಮಣ್ಣಿನ ತೇವದ ಸೆನ್ಸರ್ ಒಂದು.
ಆಲ್ಕಲೈನ್ ಪೆನ್ಸಿಲ್ ಸೆಲ್ಲು ಮೂರು, ಅವುಗಳ ಮನೆ ಒಂದು.
ಪಾರದರ್ಶಕ ಮುಚ್ಚಳವಿರುವ, ರಬ್ಬರ್ ಅಂಚಿನ ಪ್ಲಾಸ್ಟಿಕ್ ಪೆಟ್ಟಿಗೆ ಒಂದು.

ಕೊಳ್ಳುವಾಗ ಮೂರು ಎಚ್ಚರಿಕೆ. ಮೊದಲನೆಯದು, ಎರಡು ಬರಿಯ ಲೋಹದ ಹಲ್ಲುಗಳಿರುವ ಅಗ್ಗದ ತೇವದ ಸೆನ್ಸರ್ ಬೇಡ. ಮಣ್ಣಿನಲ್ಲಿ ವಿದ್ಯುತ್ತು ಹರಿದು ಹಲ್ಲುಗಳು ಬೇಗ ಸವೆಯುತ್ತವೆ. ಎರಡನೆಯದು, ಸಾದಾ ಜಿಂಕ್ ಸೆಲ್ಲು ಬೇಡ. ಅದರ ದಾಸ್ತಾನು ಕಡಿಮೆ, ಸೋರಿ ಪೆಟ್ಟಿಗೆಯನ್ನೂ ಕೆಡಿಸುತ್ತದೆ. ಮೂರನೆಯದು, ಮೈಕ್ರೋಕಂಟ್ರೋಲರನ್ನು ಬಿಡಿ ಐಸಿಯಾಗಿಯೇ ತನ್ನಿರಿ. ಸಿದ್ಧ ಬೋರ್ಡಿನ ಮೇಲೆ ಸದಾ ಉರಿಯುವ ಒಂದು ಚಿಕ್ಕ ದೀಪ ಮತ್ತು ವೋಲ್ಟೇಜ್ ರೆಗ್ಯುಲೇಟರ್ ಇರುತ್ತವೆ. ಐಸಿ ಮಲಗಿದರೂ ಇವೆರಡು ಮಲಗುವುದಿಲ್ಲ.

5. ಜೋಡಣೆ

ಐಸಿಯ ಮೇಲಿನ ಚುಕ್ಕಿಯ ಹತ್ತಿರದ ಕಾಲು 1. ಅಲ್ಲಿಂದ ಕೆಳಗಿಳಿದು, ಆಚೆ ಬದಿಯಲ್ಲಿ ಮೇಲೇರುತ್ತ ಎಣಿಸಿರಿ.

8ನೆಯ ಕಾಲು ಸೆಲ್ಲಿನ ಧನಕ್ಕೆ, 4ನೆಯ ಕಾಲು ಋಣಕ್ಕೆ. ಇವೆರಡರ ನಡುವೆ ಐಸಿಗೆ ತೀರ ಹತ್ತಿರವಾಗಿ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್. 100 ಮೈಕ್ರೋಫ್ಯಾರಡಿನದು ಸೆಲ್ಲಿನ ತಂತಿಗಳ ನಡುವೆ, ಧನ ಋಣ ನೋಡಿಕೊಂಡು.

6ನೆಯ ಕಾಲಿನಿಂದ 1 ಕಿಲೋ ಓಮ್ ಮೂಲಕ ಟ್ರಾನ್ಸಿಸ್ಟರಿನ ಬೇಸ್‌ಗೆ. ಎಮಿಟರ್ ಋಣಕ್ಕೆ. ಕಲೆಕ್ಟರ್ ಎಲ್ಇಡಿಯ ಗಿಡ್ಡ ಕಾಲಿಗೆ. ಎಲ್ಇಡಿಯ ಉದ್ದ ಕಾಲು 56 ಓಮ್ ಮೂಲಕ ಧನಕ್ಕೆ.

5ನೆಯ ಕಾಲು ಸೆನ್ಸರಿನ ಧನ ತಂತಿಗೆ. 7ನೆಯ ಕಾಲು ಸೆನ್ಸರಿನ ಉತ್ತರದ ತಂತಿಗೆ. ಸೆನ್ಸರಿನ ಋಣ ಎಲ್ಲರ ಋಣಕ್ಕೆ.

ಎಲ್ಇಡಿಯನ್ನು ನೇರ ಐಸಿಯ ಕಾಲಿಗೆ ಕೊಡದೆ ಟ್ರಾನ್ಸಿಸ್ಟರ್ ಏಕೆ? ಈ ಐಸಿಯ ಒಂದು ಕಾಲಿನ ಗರಿಷ್ಠ ಮಿತಿ 40 ಮಿಲಿ ಆಂಪಿಯರ್. ನಮಗೆ ಎಲ್ಇಡಿಯಲ್ಲಿ ಸುಮಾರು 50 ಬೇಕು. ಲೆಕ್ಕ ಹೀಗೆ: ಸೆಲ್ಲು 4.5 ವೋಲ್ಟು, ಎಲ್ಇಡಿ ಸುಮಾರು 1.35 ನುಂಗುತ್ತದೆ, ಟ್ರಾನ್ಸಿಸ್ಟರ್ 0.2, ಉಳಿದದ್ದು 2.95. ಅದನ್ನು 56ರಿಂದ ಭಾಗಿಸಿದರೆ 0.053 ಆಂಪಿಯರ್, ಅಂದರೆ 53 ಮಿಲಿ ಆಂಪಿಯರ್.

ಸೆನ್ಸರಿಗೆ ಧನವನ್ನು ನೇರ ಸೆಲ್ಲಿನಿಂದ ಕೊಡದೆ ಐಸಿಯ ಕಾಲಿನಿಂದ ಕೊಟ್ಟಿದ್ದೇವೆ. ಸೆನ್ಸರ್ ಸುಮಾರು 5 ಮಿಲಿ ಆಂಪಿಯರ್ ಬೇಡುತ್ತದೆ. ಐಸಿ ಬೇಕಾದಾಗ ಅದನ್ನು ಎಬ್ಬಿಸಿ, ಕೆಲಸ ಮುಗಿದೊಡನೆ ಆರಿಸುತ್ತದೆ.

6. ಕೆಲಸದ ಕ್ರಮ

ಐಸಿಗೆ ಬರೆಯಬೇಕಾದ ಪ್ರೋಗ್ರಾಮಿನ ಕ್ರಮವನ್ನು ಮಾತಿನಲ್ಲಿ ಹೇಳುತ್ತೇವೆ. ಓದುವ ಮಕ್ಕಳು ಇದನ್ನು ಸುಲಭವಾಗಿ ಬರೆದುಕೊಳ್ಳಬಲ್ಲರು.

ಐಸಿಯ ಒಳಗಿನ 8 ಮೆಗಾಹರ್ಟ್ಸ್ ಗಡಿಯಾರವನ್ನು ಆರಿಸಿಕೊಳ್ಳಿರಿ. 1ನೆಯ ಟೈಮರನ್ನು 210 ಎಣಿಕೆಗೆ ಒಂದು ಸುತ್ತು ಬರುವಂತೆ, 70 ಎಣಿಕೆ ಹೊತ್ತಿರುವಂತೆ ಇಡಿರಿ. 80 ಲಕ್ಷವನ್ನು 210ರಿಂದ ಭಾಗಿಸಿದರೆ 38,095. ನಮ್ಮ ತಾಳ ಸಿದ್ಧ. ಒಳಗಿನ ಗಡಿಯಾರ ಕಾರಖಾನೆಯಿಂದ ಬರುವಾಗ ನೂರಕ್ಕೆ ಹತ್ತರ ತನಕ ಆಚೀಚೆ ಇರಬಹುದು. ಆದ್ದರಿಂದ ಹರ್ಟ್ಸ್ ಅಳೆಯುವ ಮಲ್ಟಿಮೀಟರಿನಿಂದ ಒಮ್ಮೆ 6ನೆಯ ಕಾಲಿನ ತಾಳ ನೋಡಿ, 38 ಸಾವಿರಕ್ಕೆ ಹತ್ತಿರ ತನ್ನಿರಿ.

ಅನಂತರ ಚಕ್ರ ಹೀಗೆ. ಏಳುವುದು. ಹಿಂದಿನ ಅಂಕಿಯನ್ನು ಒಮ್ಮೆ ಹೇಳುವುದು. ಮಲಗುವುದು. ಎಂಟು ಸೆಕೆಂಡು ಕಳೆದ ಮೇಲೆ ಐಸಿಯೊಳಗಿನ ವಾಚ್‌ಡಾಗ್ ಎಂಬ ಕಾವಲುಗಾರ ಮತ್ತೆ ಎಬ್ಬಿಸುತ್ತಾನೆ. ಹೀಗೆ 450 ಸಲ ಎದ್ದರೆ ಒಂದು ಗಂಟೆ. ಗಂಟೆಗೊಮ್ಮೆ ಮಾತ್ರ ಸೆನ್ಸರನ್ನು ಅರ್ಧ ಸೆಕೆಂಡು ಹೊತ್ತಿಸಿ ಹೊಸ ಅಂಕಿ ತೆಗೆಯುವುದು. ಮಣ್ಣಿನ ತೇವ ನಿಮಿಷಕ್ಕೊಮ್ಮೆ ಬದಲಾಗುವ ವಸ್ತುವಲ್ಲ.

ತೇವ ಅಳೆಯುವಾಗ ಸೆಲ್ಲಿನ ವೋಲ್ಟನ್ನು ಅಳತೆಗೋಲು ಮಾಡಬೇಡಿರಿ. ಸೆಲ್ಲು ಇಳಿದಂತೆ ಗೋಲೇ ಕುಗ್ಗುತ್ತದೆ. ಐಸಿಯೊಳಗೆ 2.56 ವೋಲ್ಟಿನ ಸ್ಥಿರ ಗೋಲು ಇದೆ. ಅದನ್ನು ಬಳಸಿ, ಬಂದ ಅಳತೆಯನ್ನು ನಾಲ್ಕರಿಂದ ಭಾಗಿಸಿದರೆ ಒಂದು ಅಂಕಿಗೆ ಸರಿಯಾಗಿ 0.01 ವೋಲ್ಟು. 186 ಎಂದರೆ 1.86 ವೋಲ್ಟು. ಸೆಲ್ಲನ್ನು ಅಳೆಯಲು ಬೇರೆ ಬಿಡಿಭಾಗ ಬೇಡ. ಐಸಿಯ ಒಳಗಿನ 1.1 ವೋಲ್ಟಿನ ಇನ್ನೊಂದು ಗೋಲನ್ನು ಸೆಲ್ಲಿಗೆ ಹೋಲಿಸಿ ಲೆಕ್ಕ ತೆಗೆಯಬಹುದು.

ಮಲಗುವ ಮುನ್ನ ಮನೆಯ ದೀಪ ಆರಿಸಿದಂತೆ ಎರಡು ಕೆಲಸ ಮಾಡಿರಿ. ಅಳತೆಯ ವಿಭಾಗವನ್ನು, ಅಂದರೆ ಎಡಿಸಿಯನ್ನು, ಆರಿಸಿರಿ. ವೋಲ್ಟು ಇಳಿದಾಗ ಎಚ್ಚರಿಸುವ ಬ್ರೌನ್ ಔಟ್ ಕಾವಲನ್ನೂ ತೆಗೆಯಿರಿ. ಇವನ್ನು ಮರೆತರೆ ನಿದ್ದೆಯಲ್ಲಿಯೂ ಸೆಲ್ಲು ಸೋರುತ್ತದೆ.

7. ಸೆಲ್ಲಿನ ಜಮಾ ಖರ್ಚು

ಈ ಪಾಠದ ತಿರುಳು ಇಲ್ಲಿದೆ. ಕಾಗದ ಪೆನ್ಸಿಲ್ ಹಿಡಿದು ಓದಿರಿ.

ಜಮಾ: ಆಲ್ಕಲೈನ್ ಪೆನ್ಸಿಲ್ ಸೆಲ್ಲಿನಿಂದ ನಾವು ನಂಬಬಹುದಾದ ದಾಸ್ತಾನು 1500 ಮಿಲಿ ಆಂಪಿಯರ್ ಗಂಟೆ ಎಂದು ಹಿಡಿಯೋಣ. ಮೂರು ಸೆಲ್ಲು ಸಾಲಾಗಿ ಇರುವುದರಿಂದ ವೋಲ್ಟು ಮೂರು ಪಟ್ಟು, ದಾಸ್ತಾನು ಅಷ್ಟೇ.

ಖರ್ಚು, ನಿದ್ದೆಯದು: ಕಾವಲುಗಾರ ಎಚ್ಚರವಿದ್ದು ಐಸಿ ಮಲಗಿದಾಗ ಕೆಲವೇ ಮೈಕ್ರೋ ಆಂಪಿಯರ್. ಕೈ ಬಿಚ್ಚಿ 8 ಎಂದು ಹಿಡಿದರೂ 24 ಗಂಟೆಗೆ 0.19 ಮಿಲಿ ಆಂಪಿಯರ್ ಗಂಟೆ.

ಖರ್ಚು, ಹೇಳುವುದರದು: ಒಂದು ಸುದ್ದಿಯಲ್ಲಿ ತಾಳದ ಒಟ್ಟು ಕಾಲ 27.6 ಮಿಲಿ ಸೆಕೆಂಡು. ಅದರ ಮೂರನೆಯ ಒಂದು ಪಾಲು, 9.2 ಮಿಲಿ ಸೆಕೆಂಡು ಮಾತ್ರ ಎಲ್ಇಡಿ ಹೊತ್ತಿರುತ್ತದೆ. 50 ಮಿಲಿ ಆಂಪಿಯರಿನಂತೆ 0.46 ಮಿಲಿ ಆಂಪಿಯರ್ ಸೆಕೆಂಡು. ಐಸಿ 68 ಮಿಲಿ ಸೆಕೆಂಡು ಎಚ್ಚರವಿದ್ದು 5 ಮಿಲಿ ಆಂಪಿಯರ್ ತಿಂದರೆ 0.34. ಎರಡೂ ಕೂಡಿ 0.80. ಎಂಟು ಸೆಕೆಂಡಿಗೊಮ್ಮೆ ಎಂದರೆ ದಿನಕ್ಕೆ 10,800 ಸಲ; 8,640 ಮಿಲಿ ಆಂಪಿಯರ್ ಸೆಕೆಂಡು. 3,600ರಿಂದ ಭಾಗಿಸಿದರೆ 2.40 ಮಿಲಿ ಆಂಪಿಯರ್ ಗಂಟೆ.

ಖರ್ಚು, ಅಳೆಯುವುದರದು: ಐಸಿ ಮತ್ತು ಸೆನ್ಸರ್ ಕೂಡಿ 10 ಮಿಲಿ ಆಂಪಿಯರ್, ಅರ್ಧ ಸೆಕೆಂಡು, ದಿನಕ್ಕೆ 24 ಸಲ. ಇದು 0.03.

ದಿನದ ಒಟ್ಟು ಖರ್ಚು 2.62. ಜಮಾ 1500ನ್ನು ಇದರಿಂದ ಭಾಗಿಸಿದರೆ ಸುಮಾರು 570 ದಿನ. ಅಡಸಾಲಿ ಕಬ್ಬು ನಾಟಿಯಿಂದ ಕಟಾವಿನ ತನಕ ಹೊಲದಲ್ಲಿರುವುದು 16ರಿಂದ 18 ತಿಂಗಳು. ಕಾಗದದ ಲೆಕ್ಕದಲ್ಲಿ ಮೂರು ಪೆನ್ಸಿಲ್ ಸೆಲ್ಲು ಒಂದು ಅಡಸಾಲಿ ಬೆಳೆಗೆ ಸಾಕು! ಬೇಸಿಗೆಯ ಕಾವಿನಲ್ಲಿ ಸೆಲ್ಲು ತಾನೇ ಸ್ವಲ್ಪ ಸವೆಯುವುದರಿಂದ ಒಂದು ವರ್ಷ ಎಂದು ಹಿಡಿದು ನಡೆಯುವುದು ಜಾಣತನ. ಹೇಗೂ ಸೆಲ್ಲಿನ ವೋಲ್ಟು ಸುದ್ದಿಯ ಜೊತೆಗೇ ಬರುತ್ತದೆ. ಅದು 3.4ಕ್ಕೆ ಇಳಿದಾಗ ಬದಲಿಸಿರಿ. ಅದಕ್ಕಿಂತ ಕೆಳಗೆ ಸೆನ್ಸರಿನ ಮಾತನ್ನು ನಂಬಲಾಗದು.

ಈಗ ಇದೇ ಸಾಮಾನು, ಇದೇ ಜೋಡಣೆ, ಆದರೆ ಮಲಗುವ ಪಾಠ ಕಲಿಸದೆ ಬಿಟ್ಟರೆ ಏನಾಗುತ್ತದೆ? ಐಸಿ ಸದಾ ಎಚ್ಚರ 5, ಸೆನ್ಸರ್ ಸದಾ ಎಚ್ಚರ 5, ಒಟ್ಟು 10 ಮಿಲಿ ಆಂಪಿಯರ್. 1500ನ್ನು 10ರಿಂದ ಭಾಗಿಸಿದರೆ 150 ಗಂಟೆ, ಅಂದರೆ ಆರು ದಿನ! ಒಂದು ಕಡೆ 570 ದಿನ, ಇನ್ನೊಂದು ಕಡೆ ಆರು ದಿನ. ವ್ಯತ್ಯಾಸ ಹಣದ್ದಲ್ಲ, ಸಾಮಾನಿನದೂ ಅಲ್ಲ. ಬೇಕಾದಾಗ ಮಾತ್ರ ಕೊಡುವ ಪದ್ಧತಿಯದು. ಹನಿ ನೀರಾವರಿಯ ತತ್ವವೂ ಇದೇ ಅಲ್ಲವೇ? ಸದಾ ಹರಿಯಬಿಡುವುದಲ್ಲ, ಬೇಕಾದಷ್ಟು, ಬೇಕಾದ ಹೊತ್ತಿಗೆ.

8. ಕೈಯಂತ್ರ

ಇದು ಸದಾ ಚಾಲೂ ಇರಬೇಕಾಗಿಲ್ಲ. ಗುಂಡಿ ಒತ್ತಿದಾಗ ಮಾತ್ರ ಹೊತ್ತಲಿ. ಆದ್ದರಿಂದ ಸಿದ್ಧ ಆರ್ಡುಯಿನೋ ನ್ಯಾನೋ ಬೋರ್ಡು, ಎರಡು ಸಾಲಿನ ಎಲ್‌ಸಿಡಿ ಫಲಕ, ನಾಲ್ಕು ರೀಚಾರ್ಜ್ ಸೆಲ್ಲು ಸಾಕು. ನಾಲ್ಕು ಸೆಲ್ಲಿನ 4.8 ವೋಲ್ಟನ್ನು ಬೋರ್ಡಿನ 5 ವೋಲ್ಟಿನ ಕಾಲಿಗೆ ಕೊಡಿರಿ.

ಇದರ ಕಿವಿ ಟಿಎಸ್ಒಪಿ 38238 ಎಂಬ ಮೂರು ಕಾಲಿನ ಕರಿ ಬಿಡಿಭಾಗ. ಉಬ್ಬಿದ ಮುಖ ನಿಮ್ಮ ಕಡೆಗೆ ಮಾಡಿ ಎಡದಿಂದ ನೋಡಿದರೆ ಉತ್ತರ, ಋಣ, ಧನ. ಎಚ್ಚರಿಕೆ: ಹಳೆಯ ಟಿಎಸ್ಒಪಿ 1738ರಲ್ಲಿ ಕ್ರಮ ಬೇರೆ, ಋಣ, ಧನ, ಉತ್ತರ. ಒಂದರ ಜಾಗದಲ್ಲಿ ಇನ್ನೊಂದನ್ನು ಹಾಗೆಯೇ ಕೂರಿಸಿದರೆ ಸುಟ್ಟು ಹೋಗುತ್ತದೆ. ಧನದ ದಾರಿಯಲ್ಲಿ 100 ಓಮ್ ಹಾಕಿ, ಧನ ಋಣದ ಕಾಲುಗಳ ನಡುವೆ 4.7 ಮೈಕ್ರೋಫ್ಯಾರಡ್ ಕೊಟ್ಟರೆ ಫಲಕದ ವಿದ್ಯುತ್ ಗದ್ದಲ ಕಿವಿಗೆ ತಾಕುವುದಿಲ್ಲ.

ಈ ಕಿವಿಯ ಸ್ವಭಾವ ತಿಳಿದಿರಲಿ. ಏನೂ ಕೇಳದಿದ್ದಾಗ ಅದರ ಉತ್ತರದ ಕಾಲು ಮೇಲಿರುತ್ತದೆ. ತಾಳ ಕೇಳಿದಾಗ ಕೆಳಗಿಳಿಯುತ್ತದೆ. ಒಂದು ಇಳಿತದಿಂದ ಮುಂದಿನ ಇಳಿತದ ತನಕ ಕಾಲ ಅಳೆದರೆ ಸಾಕು. ಸುಮಾರು 13.5 ಮಿಲಿ ಸೆಕೆಂಡಾದರೆ ಅದು ಕೂಗು. 1.7ಕ್ಕಿಂತ ಕಡಿಮೆಯಾದರೆ ಸೊನ್ನೆ, ಹೆಚ್ಚಾದರೆ ಒಂದು. ಎರಡೂ ಪೆಟ್ಟಿಗೆಗಳ ಗಡಿಯಾರ ತುಸು ಹಿಂದುಮುಂದಾದರೂ ಈ ರೀತಿಯಲ್ಲಿ ಓದು ತಪ್ಪುವುದಿಲ್ಲ. 32 ಬಿಟ್ಟು ಬಂದ ಮೇಲೆ ತಾಳೆ ನೋಡಿ, ಸರಿಯಿದ್ದರೆ ಫಲಕದ ಮೇಲೆ ಪೆಟ್ಟಿಗೆ, ತೇವ, ಸೆಲ್ಲು ಮೂರನ್ನೂ ತೋರಿಸಲಿ. ಇನ್ನೊಂದು ಸ್ವಭಾವ: ಬಿಡುವಿಲ್ಲದೆ ತಾಳ ಬಡಿಯುತ್ತಿದ್ದರೆ ಈ ಕಿವಿ ಅದನ್ನು ಗದ್ದಲವೆಂದು ತಿಳಿದು ಕಿವುಡಾಗುತ್ತದೆ. ಚಿಕ್ಕ ಚಿಕ್ಕ ತಾಳ, ನಡುನಡುವೆ ಮೌನ, ಇದೇ ಅದಕ್ಕೆ ಹಿಡಿಸುವ ಭಾಷೆ.

9. ಹೊಲದಲ್ಲಿ ನೆಡುವುದು

ಬೆಳಕು ಕಬ್ಬಿನ ರವದಿಯನ್ನು ದಾಟುವುದಿಲ್ಲ. ಆದ್ದರಿಂದ ಪೆಟ್ಟಿಗೆಯನ್ನು ಹೊಲದ ಅಂಚಿನಲ್ಲಿ, ಬದುವಿಗೆ ಮುಖ ಮಾಡಿ, ಎದೆಯೆತ್ತರದ ಗೂಟಕ್ಕೆ ಕಟ್ಟಿರಿ. ಸೆನ್ಸರ್ ಮಾತ್ರ ಒಳಗೆ ಹೋಗಲಿ. ಅಂಚಿನ ಸಾಲಿನ ಮಣ್ಣು ಬೇಗ ಒಣಗುವುದರಿಂದ ಅದು ಹೊಲದ ಪ್ರತಿನಿಧಿಯಲ್ಲ; ಮೂರನೆಯ ಸಾಲಿನಲ್ಲಿ ಹೂಳಿರಿ. ತಂತಿ ಮೂರು ಮೀಟರಿಗಿಂತ ಹೆಚ್ಚು ಬೇಡ. ಅದನ್ನು ಹಳೆಯ ಡ್ರಿಪ್ ಪೈಪಿನೊಳಗೆ ತೂರಿಸಿ ಆಳದಲ್ಲಿ ಹೂಳಿದರೆ ಇಲಿಯ ಕಾಟ ಕಡಿಮೆ.

ಸೆನ್ಸರನ್ನು ಬೇರಿನ ವಲಯದಲ್ಲಿ, 20ರಿಂದ 30 ಸೆಂಟಿಮೀಟರ್ ಆಳದಲ್ಲಿ ಇಡಬೇಕು. ಅದರ ತಲೆಯ ಮೇಲಿನ ಬಿಡಿಭಾಗಗಳಿಗೆ ಮೊದಲೇ ಇಪಾಕ್ಸಿ ಅಂಟು ತುಂಬಿ ಒಣಗಿಸಿರಿ. ಎರೆ ಭೂಮಿಯವರು ಒಂದು ಮಾತು ಮರೆಯಬಾರದು. ಎರೆ ಒಣಗಿದಂತೆ ಬಿರುಕು ಬಿಡುತ್ತದೆ. ಬಿರುಕು ಸೆನ್ಸರಿನ ಮೈಗೆ ತಾಗಿದರೆ ಅದು ಮಣ್ಣನ್ನು ಬಿಟ್ಟು ಗಾಳಿಯನ್ನು ಅಳೆದು, ಇಲ್ಲದ ಬರ ಹೇಳುತ್ತದೆ. ಹೂಳುವಾಗ ಅದೇ ಮಣ್ಣನ್ನು ಕೆಸರು ಕಲೆಸಿ ಸುತ್ತಲೂ ಒತ್ತಿರಿ, ಮೇಲೆ ರವದಿ ಹೊದಿಸಿರಿ.

ಕೈಯಂತ್ರದ ಕಿವಿಗೆ ನೇರ ಬಿಸಿಲು ಬಿದ್ದರೆ ಕೇಳುವ ಶಕ್ತಿ ಕುಗ್ಗುತ್ತದೆ. ಎರಡು ಬೆರಳಷ್ಟು ಉದ್ದದ ಕರಿ ಡ್ರಿಪ್ ಪೈಪಿನ ತುಂಡನ್ನು ಅದಕ್ಕೆ ಕೊಳವೆಯಂತೆ ತೊಡಿಸಿರಿ. ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ಕೇಳಿರಿ. ಹಗಲಿನಲ್ಲಿ ಐದು ಮೀಟರು ದೂರದಿಂದ ಕೇಳಿಸಿದರೆ ನಮ್ಮ ಕೆಲಸಕ್ಕೆ ಸಾಕು. ದೂರ ಹೆಚ್ಚಿಸುವ ಆಸೆಗೆ ಎಲ್ಇಡಿಗೆ ಹೆಚ್ಚು ವಿದ್ಯುತ್ತು ಸುರಿಯಬೇಡಿರಿ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಪಾಲಾಗುತ್ತದೆ. ಎರಡು ಪಟ್ಟು ದೂರಕ್ಕೆ ನಾಲ್ಕು ಪಟ್ಟು ವಿದ್ಯುತ್ತು ಬೇಕು. ಅದರ ಬದಲು ಎರಡು ಹೆಜ್ಜೆ ಮುಂದೆ ನಡೆದರೆ ಖರ್ಚಿಲ್ಲ.

10. ಅಂಕಿಯನ್ನು ಓದುವ ಬಗೆ

ಈ ಸೆನ್ಸರಿನಲ್ಲಿ ಅಂಕಿ ಏರಿದರೆ ಮಣ್ಣು ಒಣಗುತ್ತಿದೆ, ಇಳಿದರೆ ಹಸಿಯಾಗುತ್ತಿದೆ ಎಂದರ್ಥ. ಇದು ಶೇಕಡಾ ಲೆಕ್ಕವಲ್ಲ. ನೆರೆಯವರ ಅಂಕಿ ನಿಮಗೆ ಉಪಯೋಗಕ್ಕೆ ಬಾರದು. ಮಣ್ಣು ಬೇರೆ, ಸೆನ್ಸರ್ ಬೇರೆ. ನಿಮ್ಮ ಹೊಲದ ಎರಡು ಗುರುತುಗಳನ್ನು ನೀವೇ ಹಾಕಿಕೊಳ್ಳಬೇಕು.

ಚೆನ್ನಾಗಿ ನೀರು ಕೊಟ್ಟು ಎರಡು ಮೂರು ದಿನ ಬಿಟ್ಟು ಬಂದ ಅಂಕಿಯನ್ನು ಬರೆದಿಡಿರಿ. ಇದು ಹೊಟ್ಟೆ ತುಂಬಿದ ಗುರುತು. ಅನಂತರ ದಿನವೂ ಅಂಕಿ ಬರೆಯುತ್ತ, ದಿನ ಬಿಟ್ಟು ದಿನ ಸೆನ್ಸರಿನ ಆಳದ ಮಣ್ಣನ್ನು ತೆಗೆದು ಮುಷ್ಟಿಯಲ್ಲಿ ಹಿಚುಕಿರಿ. ಉಂಡೆ ಕಟ್ಟುವುದನ್ನು ಬಿಟ್ಟು ಬೆರಳ ನಡುವೆ ಪುಡಿಯಾಗತೊಡಗಿದ ದಿನದ ಅಂಕಿ, ನೀರು ಬೇಡುವ ಗುರುತು. ಎರಡು ನೀರಾವರಿ ಸುತ್ತು ಹೀಗೆ ಮಾಡಿದರೆ ಮುಷ್ಟಿಗೂ ಯಂತ್ರಕ್ಕೂ ಹೊಂದಾಣಿಕೆ ಬರುತ್ತದೆ. ಆಮೇಲೆ ಕಬ್ಬು ಆಳೆತ್ತರ ಬೆಳೆದಾಗ, ಒಳಗೆ ಹೋಗಲಾಗದ ದಿನಗಳಲ್ಲಿ, ಯಂತ್ರದ ಮಾತು ನಿಮ್ಮ ಮುಷ್ಟಿಯ ಮಾತೇ ಆಗಿರುತ್ತದೆ.

ನೀರು ಬಿಟ್ಟ ಮೇಲೂ ಅಂಕಿ ಇಳಿಯದಿದ್ದರೆ ಆ ಸಾಲಿಗೆ ನೀರು ತಲುಪಿಲ್ಲ, ಡ್ರಿಪ್ಪರ್ ಕಟ್ಟಿರಬಹುದು. ವಾರ ಕಳೆದರೂ ಅಂಕಿ ಏರದಿದ್ದರೆ ನೀರು ಬಸಿಯುತ್ತಿಲ್ಲ. ಸವಳು ಜವಳಿನ ಮೊದಲ ಹೆಜ್ಜೆ ಇದೇ ಇರಬಹುದು, ಬಸಿಗಾಲುವೆ ನೋಡಿರಿ. ಕಟಾವಿನ ಮುಂಚೆ ನೀರು ನಿಲ್ಲಿಸಿ ಕಬ್ಬನ್ನು ಪಕ್ವಕ್ಕೆ ತರುವಾಗಲೂ ಈ ಅಂಕಿ ಉಪಯೋಗಿ. ನೆಲ ನಿಜವಾಗಿ ಒಣಗುತ್ತಿದೆಯೋ ಇಲ್ಲವೋ ಅದು ಹೇಳುತ್ತದೆ.

11. ಕೇಳಿಸದಿದ್ದರೆ

ಮೊದಲು ಎಲ್ಇಡಿ ಹೊತ್ತುತ್ತಿದೆಯೇ ನೋಡಿರಿ. ಕಣ್ಣಿಗೆ ಕಾಣದ್ದು ಮೊಬೈಲ್ ಕ್ಯಾಮರಾಗೆ ಕಾಣುತ್ತದೆ; ಎಂಟು ಸೆಕೆಂಡಿಗೊಮ್ಮೆ ನೇರಳೆ ಬಿಳುಪಿನ ಮಿಣುಕು ಕಾಣಬೇಕು. ಹಿಂಬದಿಯ ಕ್ಯಾಮರಾದಲ್ಲಿ ಕಾಣದಿದ್ದರೆ ಮುಂಬದಿಯದರಲ್ಲಿ ನೋಡಿರಿ. ಮಿಣುಕು ಇದ್ದೂ ಕೇಳಿಸದಿದ್ದರೆ ತಾಳ 38 ಸಾವಿರದಿಂದ ಸರಿದಿದೆ. ಮನೆಯೊಳಗೆ ಕೇಳಿಸಿ ಹೊಲದಲ್ಲಿ ಕೇಳಿಸದಿದ್ದರೆ ಬಿಸಿಲು, ಇಲ್ಲವೆ ಮುಚ್ಚಳದ ಧೂಳು, ಒರೆಸಿರಿ. ಎರಡು ಪೆಟ್ಟಿಗೆಗಳು ಒಟ್ಟಿಗೇ ಮಾತಾಡಿದರೆ ತಾಳೆ ತಪ್ಪಿ ಏನೂ ಕಾಣದು. ಎರಡರ ಗಡಿಯಾರ ಒಂದೇ ಸಮ ಇರುವುದಿಲ್ಲವಾದ್ದರಿಂದ ಸ್ವಲ್ಪ ಹೊತ್ತಿನಲ್ಲಿ ತಾವೇ ಬೇರೆಯಾಗುತ್ತವೆ.

ಕೊನೆಯ ಎಚ್ಚರಿಕೆ. ಇದು ಸುದ್ದಿ ತರುವ ಯಂತ್ರ, ಪಂಪು ನಡೆಸುವ ಯಂತ್ರವಲ್ಲ. ಮಕ್ಕಳು ಉತ್ಸಾಹದಿಂದ ಇದನ್ನು ಮೋಟಾರಿನ ಸ್ಟಾರ್ಟರಿಗೆ ಜೋಡಿಸಲು ಹೊರಟರೆ ತಡೆಯಿರಿ. ಈ ಪೆಟ್ಟಿಗೆಯಲ್ಲಿರುವುದು ನಾಲ್ಕೂವರೆ ವೋಲ್ಟು; ಅಲ್ಲಿರುವುದು ಮೂರು ಫೇಸಿನ 415 ವೋಲ್ಟು. ಒದ್ದೆ ಕಾಲಿನಲ್ಲಿ ಆಡುವ ಆಟವಲ್ಲ ಅದು.

ಅಭ್ಯಾಸಕ್ಕೆ ಎರಡು ಪ್ರಶ್ನೆ

ಒಂದು: ಪೆಟ್ಟಿಗೆ 7, ತೇವ 212, ಸೆಲ್ಲು 4.1 ವೋಲ್ಟು. ತಾಳೆಯ ಅಂಕಿ ಎಷ್ಟು?
ಎರಡು: ಎಂಟರ ಬದಲು ಹದಿನಾರು ಸೆಕೆಂಡಿಗೊಮ್ಮೆ ಸುದ್ದಿ ಹೇಳಿದರೆ ದಿನದ ಖರ್ಚು ಎಷ್ಟಾಗುತ್ತದೆ?

ಉತ್ತರ. ಒಂದು: 7, 212, 41 ಕೂಡಿಸಿದರೆ 260, 256 ಕಳೆದರೆ 4. ಎರಡು: ಹೇಳುವ ಖರ್ಚು ಅರ್ಧವಾಗಿ 1.20, ನಿದ್ದೆ ಮತ್ತು ಅಳತೆಯ 0.22 ಹಾಗೆಯೇ, ಒಟ್ಟು 1.42 ಮಿಲಿ ಆಂಪಿಯರ್ ಗಂಟೆ. ಸೆಲ್ಲು ಇನ್ನೂ ಹೆಚ್ಚು ಬಾಳುತ್ತದೆ, ನೀವು ಬದುವಿನ ಮೇಲೆ ನಿಲ್ಲುವ ಹೊತ್ತು ಎರಡು ಪಟ್ಟಾಗುತ್ತದೆ. ಯಾವುದು ಮೇಲು ಎಂಬುದನ್ನು ಹೊಲದ ಯಜಮಾನರೇ ತೀರ್ಮಾನಿಸಲಿ.